ವಾರ ಬಿಟ್ಟು ವಾರ

ಎರಡು ಗಿಡ್ಡ, ಒಂದು ಉದ್ದ. ಹೊಸನಗರದಲ್ಲಿ ನಮ್ಮ ಬೀದಿ ಸಾಗರ ರಸ್ತೆಗೆ ಸೇರುವ ತಿರುವಿನಲ್ಲಿ ದಿನಕ್ಕೆ ಎರಡು ಸಲ ಆ ಹಾರ್ನ್ ಕೇಳುತ್ತಿತ್ತು. ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಕೇಳಿದಾಗ ಮಕ್ಕಳು ಶಾಲೆಯ ಚೀಲ ಹುಡುಕುತ್ತಿದ್ದರು. ಸಂಜೆ ಆರಕ್ಕೆ ಕೇಳಿದಾಗ ಅಮ್ಮಂದಿರು ಕುಕ್ಕರ್ ಇಡುತ್ತಿದ್ದರು. ಗಡಿಯಾರ ನಿಂತರೂ ಬೀದಿಗೆ ತೊಂದರೆ ಇರಲಿಲ್ಲ.

ಹಾರ್ನ್ ನಮಗಾಗಿ ಹೊಡೆದದ್ದಲ್ಲ. ತಿರುವಿನ ಮೂರನೇ ಮನೆಯ ಹೇಮಾವತಿಯಕ್ಕನಿಗೆ. ಹೊಡೆಯುತ್ತಿದ್ದವರು ಅವರ ಗಂಡ, ಬಸ್ ಡ್ರೈವರ್ ಸುರೇಂದ್ರಣ್ಣ. ಸಂಜೆ ಆ ತಿರುವಿನಲ್ಲಿ ಬಸ್ಸು ನಿಧಾನವಾಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ. ಅಕ್ಕ ಗೇಟಿನಿಂದ ಓಡಿ ಬಂದು ಒಗೆದ ಬಟ್ಟೆಯ ಚೀಲವನ್ನು ಡ್ರೈವರ್ ಕಿಟಕಿಗೆ ಎತ್ತಿ ಕೊಡುತ್ತಿದ್ದರು. ಕೊಳೆಬಟ್ಟೆಯ ಚೀಲ ಕೆಳಗೆ ಬರುತ್ತಿತ್ತು. ಒಂದೆರಡು ಮಾತು ಆಗುವಷ್ಟರಲ್ಲಿ ಬಸ್ಸು ಅವರದೇ ಮನೆಯನ್ನು ದಾಟಿ ಮುಂದೆ ಹೋಗುತ್ತಿತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು.

ಅದು ಹಾಲ್ಟಿಂಗ್ ಬಸ್ಸು. ಸಾಗರದಿಂದ ಸಂಜೆ ಹೊರಟು ಹೊಸನಗರ, ನಗರ, ಸಂಪೆಕಟ್ಟೆ, ನಿಟ್ಟೂರು ದಾಟಿ ಹೊನ್ನೆಮಕ್ಕಿ ಎಂಬ ಕೊನೆಯ ಊರಿಗೆ ಎಂಟು ಗಂಟೆಗೆ ಮುಟ್ಟುತ್ತದೆ. ರಾತ್ರಿ ಅಲ್ಲೇ ಇದ್ದು ಬೆಳಿಗ್ಗೆ ಆರೂ ಹತ್ತಕ್ಕೆ ಹೊರಡುತ್ತದೆ. ಬಸ್ಸು ಹಾಲ್ಟ್ ಮಾಡಿದರೆ ಡ್ರೈವರೂ ಹಾಲ್ಟ್ ಮಾಡಬೇಕು. ಕಂಡಕ್ಟರ್ ಕನ್ನಪ್ಪನ ಮನೆ ನಿಟ್ಟೂರಿನಲ್ಲಿ, ಅವನು ದಾರಿಯಲ್ಲೇ ಇಳಿದುಬಿಡುತ್ತಿದ್ದ. ಬೆಳಿಗ್ಗೆ ಬೈಕಿನಲ್ಲಿ ಬರುತ್ತಿದ್ದ. ಸುರೇಂದ್ರಣ್ಣ ಹಿಂದಿನ ಉದ್ದ ಸೀಟಿನಲ್ಲಿ ಕಂಬಳಿ ಹಾಸಿ ಮಲಗುತ್ತಿದ್ದರು. ಶನಿವಾರ ರಾತ್ರಿ ಮಾತ್ರ ಬಸ್ಸು ಸಾಗರದಲ್ಲಿ ಉಳಿಯುತ್ತಿತ್ತು, ಭಾನುವಾರ ಓಡುತ್ತಿರಲಿಲ್ಲ. ಆ ಒಂದು ದಿನ ಅವರು ಮನೆಯಲ್ಲಿ ಇರುತ್ತಿದ್ದರು ಎನ್ನುವುದಕ್ಕಿಂತ ಮನೆಯಲ್ಲಿ ಮಲಗಿರುತ್ತಿದ್ದರು ಎನ್ನುವುದು ಸರಿ.

ಹೊನ್ನೆಮಕ್ಕಿಯವರು ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಕತೆಯ ಸಿಟ್ಟು ಸುಲಭದ ಸಿಟ್ಟಾಗುತ್ತದೆ. ಬಸ್ ಹೋರಾಟ ಸಮಿತಿ ಕಟ್ಟಿ, ಏಳು ವರ್ಷ ಅರ್ಜಿ ಬರೆದು ಆ ಬಸ್ಸು ತರಿಸಿದವರು ಮುಕುಂದಯ್ಯ ಎಂಬ ನಿವೃತ್ತ ಮೇಷ್ಟರು. ನಿಲ್ದಾಣದ ಪಕ್ಕದ ಮನೆಯ ವೆಂಕಮ್ಮ ಎಂಬ ಮುದುಕಿ ಹನ್ನೊಂದು ವರ್ಷ ಸುರೇಂದ್ರಣ್ಣನಿಗೆ ರಾತ್ರಿ ಊಟ ಹಾಕಿದ್ದರು, ಒಂದು ದಿನ ತಂಗಳು ಬಡಿಸಿದವರಲ್ಲ. ಊಟದ ಜೊತೆ ಊರಿನವರು ಕೊಡುತ್ತಿದ್ದದ್ದು ಚೀಟಿಗಳನ್ನು, ಸಾಗರದಿಂದ ಏನು ತರಬೇಕೆಂದು ಬರೆದು. ಡ್ರೈವರ್ ಸೀಟಿನ ಮೇಲೆ ಒಂದು ಬಟ್ಟೆಯ ಜೇಬು ಹೊಲಿದು ತೂಗುಹಾಕಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ, ಪಂಪಿನ ವಾಷರ್, ಹಾಲ್ ಟಿಕೆಟ್ಟಿನ ಜೆರಾಕ್ಸು, ಬ್ಲೌಸಿಗೆ ಹೊಂದುವ ಲೈನಿಂಗು ಎಲ್ಲದಕ್ಕೂ ಚೀಟಿ. ಸಾಗರದಲ್ಲಿ ಮಧ್ಯಾಹ್ನ ಸಿಗುತ್ತಿದ್ದ ಒಂದೂವರೆ ಗಂಟೆ ವಿರಾಮದಲ್ಲಿ ಸುರೇಂದ್ರಣ್ಣ ಊಟ ಮಾಡುವ ಬದಲು ಲೈನಿಂಗಿನ ಬಣ್ಣ ಹೊಂದಿಸುತ್ತಿದ್ದರು. ಅವರಿಗೆ ಆಗುವುದಿಲ್ಲ ಎಂದು ಹೇಳಲು ಬರುತ್ತಿರಲಿಲ್ಲ. ಅದನ್ನು ಎಲ್ಲರೂ ಒಳ್ಳೆಯ ಗುಣ ಎಂದರು.

ಹೋದ ಜನವರಿಯ ಒಂದು ಬೆಳಿಗ್ಗೆ ಹೊನ್ನೆಮಕ್ಕಿಯಲ್ಲಿ ಬಸ್ಸಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಒಳಗೆ ಇಪ್ಪತ್ತೆರಡು ಜನ. ಸುರೇಂದ್ರಣ್ಣ ಸೀಟಿನಲ್ಲಿದ್ದರು, ಎರಡೂ ಕೈ ಸ್ಟಿಯರಿಂಗ್ ಮೇಲೆ. ಕನ್ನಪ್ಪ "ರೈಟ್" ಎಂದ. ಮತ್ತೊಮ್ಮೆ "ರೈಟ್ ಮಾರಾಯಾ" ಎಂದ. ಬಸ್ಸು ಅಲುಗಲಿಲ್ಲ.

"ಬ್ಯಾಟ್ರಿ ಇಳ್ದಿರ್ಬೇಕು ಕಣ್ರೋ" ಎಂದರು ಮುಕುಂದಯ್ಯ ಎರಡನೇ ಸಾಲಿನಿಂದ. "ಈ ಚಳಿಗೆ ಮನುಷ್ಯರೇ ಸ್ಟಾರ್ಟ್ ಆಗದಿಲ್ಲ. ಇಳೀರಿ, ಒಂದು ಕೈ ಹಾಕಾಣ."

ಎಲ್ಲರೂ ಇಳಿದರು. ಗಂಡಸರು ಪಂಚೆ ಎತ್ತಿ ಕಟ್ಟಿದರು. ಕಾಲೇಜಿನ ಹುಡುಗಿಯರೂ ಬ್ಯಾಗುಗಳನ್ನು ಕಟ್ಟೆಯ ಮೇಲಿಟ್ಟು ಬಂದರು. "ಹ್ಯಾಂಡ್‌ಬ್ರೇಕ್ ಬಿಡೋ ಸುರೇಂದ್ರಾ" ಎಂದು ಯಾರೋ ಕೂಗಿದಾಗ ಅವರು ಬಿಟ್ಟರು. ಹೇಳಿದ್ದನ್ನು ಮಾಡುವುದು ಅವರ ಕೈಗೇ ಅಭ್ಯಾಸವಾಗಿತ್ತು. ಊರೆಲ್ಲ ಐಸಾ ಎಂದು ನಗುತ್ತ ದೂಡಿತು. ಬಸ್ಸು ಇಳಿಜಾರಿನಲ್ಲಿ ಮೋರಿಯ ತನಕ ಉರುಳಿ, ಏರು ಸಿಕ್ಕಿದಲ್ಲಿ ತಾನಾಗಿ ನಿಂತಿತು. ಕನ್ನಪ್ಪ ಮುಂದೆ ಓಡಿ ಬಂದು ಕಿಟಕಿಗೆ ಹತ್ತಿ ನೋಡಿದ. ಸುರೇಂದ್ರಣ್ಣನ ಮುಖ ಪೂರ್ತಿ ಒದ್ದೆಯಾಗಿತ್ತು. ಕೀ ಇನ್ನೂ ಅವರ ಜೇಬಿನಲ್ಲೇ ಇತ್ತು.

ಬಸ್ಸಿಗೆ ಏನೂ ಆಗಿರಲಿಲ್ಲ.

ಆ ಬೆಳಿಗ್ಗೆ ಕೇಳಿದ ಮೊದಲ ಪ್ರಶ್ನೆ "ಹಂಗಾರೆ ಇವತ್ತು ಬಸ್ ಇಲ್ವನಾ?" ಎಂಬುದು. ಎರಡನೆಯದು, ಯಾರ ಕಣ್ಣು ಬಿದ್ದಿರಬಹುದು. ವೆಂಕಮ್ಮ ಒಳಗಿನಿಂದ ಬಿಸಿ ಕಾಫಿ ತಂದು ಕುಡಿಸಿ, ಮಂಕು ಬಡಿದಿದೆ ಎಂದರು. ಮರುದಿನದಿಂದ ಬಸ್ಸಿನ ಮುಂದೆ ಒಂದರ ಬದಲು ಮೂರು ನಿಂಬೆಹಣ್ಣು ತೂಗಿದವು.

ಅವತ್ತೇ ಕನ್ನಪ್ಪ ಸುರೇಂದ್ರಣ್ಣನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು ಮನೆಗೆ ಬಿಟ್ಟ. ಹೇಮಾವತಿಯಕ್ಕ ಆ ವಾರವೇ ಗಂಡನನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋದರು. ಅವರ ತವರು ಮೇಗರವಳ್ಳಿ, ಅಣ್ಣ ತೀರ್ಥಹಳ್ಳಿಯಲ್ಲಿದ್ದಾರೆ. ಅಲ್ಲಿ ಮಂಗಳವಾರ ಒಬ್ಬ ಡಾಕ್ಟರಮ್ಮ ಬರುತ್ತಾರೆ, ಮನಸ್ಸಿಗೆ ನೋಡುವವರು. ಹೊಸನಗರದಲ್ಲಿ ತೋರಿಸಿದರೆ ನಾಲ್ಕು ಜನ ನೋಡುತ್ತಾರೆ ಎಂದು ಅಕ್ಕನೂ ಹೆದರಿದ್ದರು. ಆ ಹೆದರಿಕೆಯ ಮೇಲೆ ಅವರಿಗೆ ಈಗಲೂ ಸಿಟ್ಟಿದೆ.

ಡಾಕ್ಟರಮ್ಮ ಹಾಳೆ ತೆಗೆದು, "ನಿಮ್ಮ ಒಂದು ದಿನ ಹೇಳಿ, ಗಂಟೆ ಗಂಟೆ" ಎಂದರು.

ಸುರೇಂದ್ರಣ್ಣ ಹೇಳಿದರು. ಐದಕ್ಕೆ ಗಾಜು ಒರೆಸುವುದು. ಆರೂ ಹತ್ತಕ್ಕೆ ಹೊರಡುವುದು. ಒಂಬತ್ತೂಕಾಲಕ್ಕೆ ಸಾಗರ. ಆಮೇಲೆ ಸಾಗರದ ಸುತ್ತಲೇ ಒಂದು ಲೋಕಲ್ ಟ್ರಿಪ್ಪು. ಡೀಸೆಲ್. ಚೀಟಿ ಸಾಮಾನು. ನಾಲ್ಕೂ ಮುಕ್ಕಾಲಕ್ಕೆ ಮತ್ತೆ ಹೊರಡುವುದು. ಎಂಟಕ್ಕೆ ಹೊನ್ನೆಮಕ್ಕಿ.

ಡಾಕ್ಟರಮ್ಮ ಬರೆದುಕೊಂಡು, "ಇದು ಬಸ್ಸಿನ ದಿನ ಆಯ್ತು. ನಿಮ್ಮದು ಹೇಳಿ" ಎಂದರು.

ಸುರೇಂದ್ರಣ್ಣ ಮತ್ತೆ ಐದು ಗಂಟೆಯ ಗಾಜಿನಿಂದಲೇ ಶುರುಮಾಡಿದರು. ಹೇಮಾವತಿಯಕ್ಕ ಪಕ್ಕದಲ್ಲಿ ಕೂತು ಸೆರಗಿನ ತುದಿ ತಿರುಚುತ್ತಿದ್ದರು. ಕೊನೆಗೆ ಅಕ್ಕನೇ, "ಮದುವೆಯಾದ ಹೊಸತರಲ್ಲಿ ವಾಲಿಬಾಲ್ ಆಡ್ತಿದ್ರು ಮೇಡಂ. ಸ್ಮ್ಯಾಶ್ ಹೊಡದ್ರೆ ತೋಟದಾಚೆ ಕೇಳ್ತಿತ್ತು" ಎಂದರು.

ಕಾಯಿಲೆಯ ಹೆಸರನ್ನು ಡಾಕ್ಟರಮ್ಮ ಅಡ್ಡಮಾತಿಲ್ಲದೆ ಹೇಳಿದರು. ಡಿಪ್ರೆಷನ್. ಮಾತ್ರೆ ಬರೆದರು, ತಾವಾಗಿ ನಿಲ್ಲಿಸಬೇಡಿ ಎಂದರು. ಮಾತ್ರೆಯೊಂದೇ ಸಾಲದು, ದಿನವನ್ನು ಸರಿಮಾಡಿಕೊಳ್ಳಬೇಕು ಎಂದೂ ಹೇಳಿದರು: ಒಂದೇ ಹೊತ್ತಿಗೆ ನಿದ್ದೆ, ಅದೂ ಹಾಸಿಗೆಯಲ್ಲಿ, ಮನೆಯವರ ಜೊತೆ ಕೂತು ಊಟ, ವಾರದಲ್ಲಿ ಮೂರು ನಾಲ್ಕು ದಿನವಾದರೂ ಮೈ ಬೆವರುವ ಆಟ. ಕೆಲಸ ಬಿಡಬೇಕಾಗಿಲ್ಲ. "ಕೆಲಸ ದಿನದ ಒಂದು ಪಾಲು ಆಗಿರಲಿ. ನಿಮಗೆ ಅದೇ ಇಡೀ ದಿನ ಆಗಿದೆ" ಎಂದರು.

ಐದು ವಾರ ರಜೆ. ಮೊದಲ ವಾರ ಮನೆಯಲ್ಲಿ ಅವರು ನೆಂಟರ ಹಾಗೆ ಇದ್ದರು, ಟವೆಲ್ ಎಲ್ಲಿದೆ ಎಂದು ಕೇಳಿ ತೆಗೆದುಕೊಳ್ಳುತ್ತಿದ್ದರು. ಮಗಳು ಯಶಸ್ವಿನಿ ಅವರೆದುರು ಕೂರುತ್ತಿರಲಿಲ್ಲ. ಒಂದು ಸಂಜೆ ಅವರು ಅವಳ ಪುಸ್ತಕ ಎತ್ತಿ ನೋಡಲು ಹೋದಾಗ ಕಿತ್ತುಕೊಂಡಳು.

"ಆ ಊರಿನ ಮಕ್ಕಳ ಹಾಲ್ ಟಿಕೆಟ್ ಎಲ್ಲ ಜೆರಾಕ್ಸ್ ಮಾಡಿಸ್ಕೊಟ್ಟಿದೀರಲ್ಲ ಅಪ್ಪ. ನಾನು ಎಷ್ಟನೇ ಕ್ಲಾಸು, ಹೇಳಿ ನೋಡಾಣ."

"ಎಂಟು."

"ಒಂಬತ್ತು" ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುರೇಂದ್ರಣ್ಣ ಆ ರಾತ್ರಿ ಊಟ ಬಿಡಲಿಲ್ಲ. ಬಾಗಿಲು ತಟ್ಟಿ, "ಒಂಬತ್ತನೇ ಕ್ಲಾಸಿನೋರು ಊಟಕ್ಕೆ ಬನ್ನಿ" ಎಂದರು. ಅವಳು ಬಂದಳು. ಪುಸ್ತಕ ಕಂಕುಳಲ್ಲೇ ಇತ್ತು.

ಎರಡನೇ ವಾರ ಸಂಜೆ ಐದೂವರೆಗೆ ಮೈದಾನಕ್ಕೆ ಹೋಗತೊಡಗಿದರು. ಮೊದಮೊದಲು ಗೆರೆಯಾಚೆ ಹೋದ ಚೆಂಡು ಎತ್ತಿ ಕೊಡುವುದಷ್ಟೇ. "ಅಂಕಲ್, ಬರ್ರಿ, ಒಂದು ಜನ ಕಮ್ಮಿ ಇದೆ" ಎಂದರು ಹುಡುಗರು. ಆಡಿದರು. ಉಸಿರು ಹತ್ತಿ ಕೂತರು. ಮರುದಿನ ಕೈ ನೋವೆಂದು ಹೇಮಾವತಿಯಕ್ಕನ ಹತ್ತಿರ ಎಣ್ಣೆ ಕೇಳಿದರು. ಅಕ್ಕ ನಮ್ಮ ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇದನ್ನೇ: "ನೋವು ಅಂದ್ರು ಮಾರಾಯ್ತಿ! ಎರಡು ವರ್ಷದಿಂದ ಅವರಿಗೆ ಎಲ್ಲೂ ನೋವೇ ಇರ್ಲಿಲ್ಲ, ಕೇಳಿದ್ರೆ ಏನಿಲ್ಲ ಏನಿಲ್ಲ."

ಪೂರ್ತಿ ಗುಣವಾಯಿತು ಎಂದಲ್ಲ. ಕೆಲವು ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಅರ್ಧ ಗಂಟೆ ಕೂತಿರುತ್ತಿದ್ದರು, ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತೆ. ಆದರೆ ಒಂದು ಅವರಿಗೇ ಗೊತ್ತಾಗಿತ್ತು. ಸರಿಯಾಗಿ ಮಲಗಿ, ಆಡಿ, ಮನೆಯವರ ಜೊತೆ ಉಂಡ ಮೂರು ದಿನಗಳ ನಂತರದ ಬೆಳಿಗ್ಗೆ ಸ್ವಲ್ಪ ಹಗುರ. ಒಂದು ತಪ್ಪಿದರೆ ಮತ್ತೆ ಭಾರ. ಅವರು ಡ್ರೈವರ್, ಯಾವ ಏರಿಗೆ ಯಾವ ಗೇರು ಎಂದು ಕಲಿಯುವ ಹಾಗೆ ಅದನ್ನು ಕಲಿತರು.

ಬಸ್ಸಿನ ಮಾಲೀಕರ ಹತ್ತಿರ ಹೋಗಿ ಒಂದೇ ಮಾತು ಕೇಳಿದರು. ಹಾಲ್ಟಿಂಗ್ ಡ್ಯೂಟಿ ವಾರ ಬಿಟ್ಟು ವಾರ. ಒಂದು ವಾರ ತಾನು, ಒಂದು ವಾರ ರವೀಂದ್ರ. ರಜೆಯಲ್ಲಿ ಬದಲಿಗೆ ಓಡಿಸುತ್ತಿದ್ದ ಆ ರವೀಂದ್ರನೂ ಒಪ್ಪಿದ್ದ. ಮಾಲೀಕರು, "ಆಯ್ತು ಮಾರಾಯ, ನಂಗೆ ಬಸ್ ಓಡಿದ್ರೆ ಸಾಕು" ಎಂದರು. ಆ ಸಂಜೆ ಸುರೇಂದ್ರಣ್ಣ ಮನೆಗೆ ಜಿಲೇಬಿ ತಂದರು.

ನಾಲ್ಕು ದಿನ ಕಳೆದು ಕನ್ನಪ್ಪ ಬೈಕಿನಲ್ಲಿ ಬಂದ. ಕೈಯಲ್ಲಿ ಒಂದು ಅರ್ಜಿಯ ಜೆರಾಕ್ಸು. ಹೊನ್ನೆಮಕ್ಕಿಯವರು ಮಾಲೀಕರಿಗೆ ಬರೆದದ್ದು. ನಮ್ಮ ಊರಿಗೆ ಬೇರೆ ಚಾಲಕರು ಬೇಡ, ಶ್ರೀ ಸುರೇಂದ್ರರನ್ನೇ ಮುಂದುವರಿಸಬೇಕಾಗಿ ವಿನಂತಿ. ಕೆಳಗೆ ನೂರಾ ನಲವತ್ಮೂರು ಸಹಿ, ಹೆಬ್ಬೆಟ್ಟು.

"ರವೀಂದ್ರನ ಮೇಲೆ ಏನು ದೂರು?" ಎಂದು ಕೇಳಿದರು ಹೇಮಾವತಿಯಕ್ಕ.

"ಅವನು ಟೈಮಿಗೆ ಸರಿಯಾಗಿ ಹೊರಡ್ತಾನಂತೆ ಅಕ್ಕ" ಎಂದ ಕನ್ನಪ್ಪ. "ಆರೂ ಹತ್ತು ಅಂದ್ರೆ ಆರೂ ಹತ್ತು. ಕೂಗಿದ್ರೂ ನಿಲ್ಲಲ್ಲ. ಚೀಟಿ ಕೊಟ್ರೆ, ನಾನೇನು ಕಿರಾಣಿ ಅಂಗಡಿನಾ ಅಂತಾನೆ. ಸುರೇಂದ್ರ ಆದ್ರೆ ನಮ್ಮೋನು ಅಂತ ಅವ್ರು."

"ಇವರಿಗೆ ಹುಷಾರಿಲ್ಲ ಅಂತ ಗೊತ್ತಿಲ್ವ ಅವ್ರಿಗೆ?"

"ಗೊತ್ತಿದೆ. ನಮ್ಮೂರಿಗೆ ಬಂದ್ರೆ ಸರಿಯಾಗ್ತಾನೆ, ಮನೇಲಿ ಕೂತೇ ಮಂಕಾಗಿದ್ದು ಅಂತಾರೆ."

ಸುರೇಂದ್ರಣ್ಣ ಹೆಸರುಗಳ ಮೇಲೆ ಬೆರಳಾಡಿಸುತ್ತ ಕೆಳಗೆ ಬಂದರು. ಬೆರಳು ಒಂದು ಕಡೆ ನಿಂತಿತು.

"ಇದು ನಿನ್ನ ಸೈನಲ್ಲನಾ ಕನ್ನಪ್ಪ?"

ಕನ್ನಪ್ಪ ಹೆಲ್ಮೆಟ್ ತಿರುಗಿಸಿದ. "ಎಲ್ರೂ ಹಾಕ್ತಿದ್ರು ಮಾರಾಯಾ. ನಾನೊಬ್ಬ ಹಾಕ್ದೇ ಇದ್ರೆ ನಿನ್ನ ಕಂಡ್ರೆ ಆಗದಿಲ್ಲ ಅಂತ ತಿಳ್ಕಂತಿದ್ರು."

ಸುರೇಂದ್ರಣ್ಣ ಅರ್ಜಿಯನ್ನು ನಾಲ್ಕಾಗಿ ಮಡಚಿ ಅವನ ಅಂಗಿಯ ಜೇಬಿಗೆ ತುರುಕಿ, "ಎದ್ದೋಗು" ಎಂದರು. ದನಿ ಏರಿರಲಿಲ್ಲ, ಆದರೆ ಕನ್ನಪ್ಪ ಕಾಫಿ ಕುಡಿಯದೆ ಎದ್ದ. ಹೇಮಾವತಿಯಕ್ಕ ಬೆರಗಾಗಿ ನಿಂತಿದ್ದರು. ಗಂಡನಿಗೆ ಸಿಟ್ಟು ಬಂದದ್ದನ್ನು ಅವರು ನೋಡದೆ ವರ್ಷಗಳಾಗಿದ್ದವು.

ಮಾಲೀಕರಿಗೆ ಫೋನ್ ಮಾಡಿದರೆ, "ನಾನೇನ್ ಮಾಡ್ಲಿ? ಊರವ್ರು ಅರ್ಜಿ ವಾಪಸ್ ತಗಂಡ್ರೆ ವಾರ ಬಿಟ್ಟು ವಾರ. ಇಲ್ಲಾಂದ್ರೆ ಸೋಮವಾರದಿಂದ ಮೊದಲಿನ ಹಂಗೇ" ಎಂದರು. ಅದರ ಮರುದಿನ ಮುಕುಂದಯ್ಯ ಫೋನ್ ಮಾಡಿದರು. ಭಾನುವಾರ ಮಧ್ಯಾಹ್ನ ಶಾಲೆಯಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರಂತೆ. ಮನೆಯವರನ್ನೂ ಕರೆದುಕೊಂಡು ಬರಬೇಕಂತೆ.

"ಹೋಗದು ಬೇಡ" ಎಂದರು ಹೇಮಾವತಿಯಕ್ಕ.

"ಹೋಗ್ತೀನಿ. ಎಲ್ರೂ ಒಂದೇ ಕಡೆ ಸಿಗ್ತಾರೆ" ಎಂದರು ಸುರೇಂದ್ರಣ್ಣ.

ಮೂವರೂ ಹೇಮಾವತಿಯಕ್ಕನ ಅಣ್ಣನ ಕಾರಿನಲ್ಲಿ ಹೋದರು. ಮೊದಲು ಮುಕುಂದಯ್ಯ ಅವರನ್ನು ಬಸ್ ನಿಲ್ದಾಣದ ಹಿಂದಕ್ಕೆ ಕರೆದೊಯ್ದರು. ಹೊಸ ಶೀಟು ಹೊದಿಸಿದ ಒಂದು ಕೋಣೆ, ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ 'ಚಾಲಕ ಸುರೇಂದ್ರ ವಿಶ್ರಾಂತಿ ಗೃಹ'.

"ಬಸ್ಸಲ್ಲಿ ಮಲಗಿ ಮಲಗಿ ನಿಂಗೆ ಹಿಂಗಾಗಿದ್ದು ಅಂತ ಗೊತ್ತಾಯ್ತು ನಮ್ಗೆ" ಎಂದರು ಮುಕುಂದಯ್ಯ, ಕಣ್ಣು ತುಂಬಿಕೊಂಡು. "ಫ್ಯಾನು, ಕನ್ನಡಿ, ಎಲ್ಲ ಇದೆ. ಇನ್ನು ಎಷ್ಟ್ ವರ್ಷ ಬೇಕಾದ್ರೂ ಇರು."

ಹೇಮಾವತಿಯಕ್ಕ ಒಳಗೆ ಇಣುಕಿ, "ಒಂದೇ ಮಂಚ" ಎಂದರು.

"ಎಂತ ಅಂದ್ರಿ ಅಮ್ಮ?"

"ಏನಿಲ್ಲ. ಒಬ್ಬರಿಗೆ ಸಾಕು ಅಂದೆ."

ಶಾಲೆಯ ಜಗಲಿಯೇ ವೇದಿಕೆ. ಪೇಟ, ಶಾಲು, ಹಣ್ಣಿನ ಬುಟ್ಟಿ. ಊರಿನವರು ಶಾಮಿಯಾನದ ಕೆಳಗೆ ಕೂತಿದ್ದರು, ಮುಂದಿನ ಸಾಲಿನಲ್ಲಿ ವೆಂಕಮ್ಮ ಹೊಸ ಸೀರೆಯಲ್ಲಿ. ಮುಕುಂದಯ್ಯ ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರವನ್ನು ಮೈಕಿನಲ್ಲಿ ಓದಿದರು. "ಮಡದಿ ಮಕ್ಕಳ ಹಂಬಲ ತೊರೆದು, ನಮ್ಮೂರನ್ನೇ ಮನೆಯಾಗಿಸಿಕೊಂಡ ತ್ಯಾಗಜೀವಿಯೇ..." ಚಪ್ಪಾಳೆ ಬಿತ್ತು. ಯಶಸ್ವಿನಿ ಚಪ್ಪಾಳೆ ತಟ್ಟಲಿಲ್ಲ. ಸುರೇಂದ್ರಣ್ಣ ಎದ್ದು ಮುಕುಂದಯ್ಯನವರ ಕೈಯಿಂದ ಮೈಕ್ ತೆಗೆದುಕೊಂಡರು. ಕಾರ್ಯಕ್ರಮದ ಪಟ್ಟಿಯಲ್ಲಿ ಅದು ಇನ್ನೂ ಎರಡು ಭಾಷಣಗಳ ನಂತರ ಇತ್ತು.

"ಮೇಷ್ಟ್ರೇ, ನಾನು ಏನೂ ತೊರ್ದಿಲ್ಲ. ನೀವು ಕೇಳಿದ್ರಿ, ನಾನು ಕೊಟ್ಟೆ. ಆಗದಿಲ್ಲ ಅನ್ನಕ್ಕೆ ನಂಗೆ ಬರ್ಲಿಲ್ಲ, ಅದು ನನ್ನ ತಪ್ಪು. ಅದ್ರ ಮೇಲೆ ನೀವು ಪೇಟ ಕಟ್ಟಬೇಡಿ."

ಯಾರೋ ನಕ್ಕರು, ತಮಾಷೆ ಎಂದುಕೊಂಡು.

"ನಂಗೆ ಕಾಯಿಲೆ ಇದೆ. ಮಂಕಲ್ಲ, ದೃಷ್ಟಿ ಅಲ್ಲ. ಡಿಪ್ರೆಷನ್ ಅಂತಾರೆ. ದಿನಾ ಮಾತ್ರೆ ತಗಂತಿದೀನಿ. ಅದ್ರ ಜೊತೆ ರಾತ್ರಿ ಮನೇಲಿ ನಿದ್ದೆ ಬೇಕು, ಇವರಿಬ್ಬರ ಜೊತೆ ಊಟ ಬೇಕು, ಸಂಜೆ ಒಂದು ಗಂಟೆ ಆಟ ಬೇಕು. ಇಷ್ಟೇ ಔಷಧಿ. ವಾರ ಬಿಟ್ಟು ವಾರ ಆದ್ರೂ ಸಿಕ್ಕಿದ್ರೆ ಬದುಕ್ತೀನಿ ಅಂತ ಕೇಳಿದ್ದೆ. ಅದನ್ನ ಕೊಡಬೇಡಿ ಅಂತ ನೂರಾ ನಲವತ್ಮೂರು ಜನ ಸೈನ್ ಹಾಕಿದೀರಿ."

"ನಿನ್ನ ಮೇಲಿನ ಪ್ರೀತಿಗೆ ಕಣೋ ಹಾಕಿದ್ದು!" ಎಂದು ಹಿಂದಿನಿಂದ ಒಬ್ಬರು ಕೂಗಿದರು. "ರೂಮು ಕಟ್ಸಿದೀವಲ್ಲೋ!"

"ಜನವರಿಲಿ ನನ್ನನ್ನ ಬಸ್ ಸಮೇತ ದೂಡಿದ್ರಲ್ಲ, ಅದೂ ಪ್ರೀತಿನೇ" ಎಂದರು ಸುರೇಂದ್ರಣ್ಣ. "ದೂಡೋ ಮೊದಲು ಯಾರಾದ್ರೂ ಒಬ್ರು ಮುಂದೆ ಬಂದು ಮುಖ ನೋಡಬಹುದಿತ್ತು."

ವೆಂಕಮ್ಮ ಕುರ್ಚಿ ಹಿಡಿದು ಎದ್ದು ನಿಂತರು. ಮೈಕ್ ಅವರಿಗೆ ಬೇಕಿರಲಿಲ್ಲ.

"ಸುರೇಂದ್ರಾ, ನನ್ನ ಊಟದಲ್ಲಿ ಏನು ಕಮ್ಮಿ ಆಗಿತ್ತೋ ಮಗಾ?"

ಸುರೇಂದ್ರಣ್ಣ ಮೈಕನ್ನು ಬಾಯಿಂದ ದೂರ ಹಿಡಿದರು. ನೂರಾ ನಲವತ್ಮೂರು ಸಹಿಗಳಿಗಿಂತ ಆ ಒಂದು ಪ್ರಶ್ನೆ ಭಾರವಾಗಿತ್ತು.

"ಏನೂ ಕಮ್ಮಿ ಆಗಿರ್ಲಿಲ್ಲ ಅಮ್ಮ. ಅದಕ್ಕೇ ಹನ್ನೊಂದು ವರ್ಷ ಆಗಿಹೋಯ್ತು."

ವೆಂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತರು. ಸುರೇಂದ್ರಣ್ಣ ಮೈಕನ್ನು ಮತ್ತೆ ಬಾಯಿಗೆ ತಂದರು.

"ನಾಳೆ ಸೋಮವಾರ. ಈ ವಾರ ನಾನು ಬರ್ತೀನಿ, ನೀವು ಕಟ್ಸಿದ ಕೋಣೇಲೇ ಮಲಗ್ತೀನಿ. ಮುಂದಿನ ವಾರ ರವೀಂದ್ರ. ಅವನು ಆರೂ ಹತ್ತಕ್ಕೆ ಹೊರಡ್ತಾನೆ, ನೀವು ಆರೂ ಐದಕ್ಕೆ ಬನ್ನಿ. ಬಾಗಿಲ ಮೇಲಿನ ನನ್ನ ಹೆಸರು ಅಳ್ಸಿ, ಅವನೂ ಮಲಗಬೇಕಲ್ಲ. ಇವತ್ತೇ ಆ ಅರ್ಜಿ ವಾಪಸ್ ಅಂತ ಬರ್ದುಕೊಡಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಕೀ ಮಾಲೀಕರ ಮೇಜಿನ ಮೇಲೆ ಇಡ್ತೀನಿ. ಆಮೇಲೆ ಯಾವ ವಾರಕ್ಕೂ ನಾನಿಲ್ಲ."

ಮುಕುಂದಯ್ಯ ಅವರ ಭುಜದ ಮೇಲೆ ಕೈಯಿಟ್ಟರು. ಮುಖದಲ್ಲಿ ಮೇಷ್ಟರ ನಗು. "ಆಯ್ತು ಸುರೇಂದ್ರ, ಸಿಟ್ಟು ಮಾಡ್ಕಬೇಡ. ಇದನ್ನೆಲ್ಲ ಆಮೇಲೆ ಸಮಿತಿಯಲ್ಲಿ ಕೂತು ಮಾತಾಡಾಣ. ಈಗ ಒಂದು ಫೋಟೋ ಆಗ್ಲಿ. ಎಲ್ಲಿ, ಶಾಲು ಸ್ವಲ್ಪ ಸರಿಮಾಡ್ಕೊ."

ಕನ್ನಪ್ಪ ಮುಂದಿನ ಸಾಲಿನಿಂದ ಎದ್ದು, ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಕಾಗದ ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತ. ಉಳಿದವರು ಕುರ್ಚಿಗಳಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಿ ನೋಡುತ್ತಿದ್ದರು.

ಸುರೇಂದ್ರಣ್ಣ ಶಾಲನ್ನು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು. "ಕೂತು ಮಾತಾಡಿ ಮೇಷ್ಟ್ರೇ, ಎಷ್ಟ್ ಹೊತ್ತು ಬೇಕಾದ್ರೂ ಮಾತಾಡಿ. ಬರ್ದುಕೊಟ್ರೆ ಕನ್ನಪ್ಪನ ಕೈಲಿ ಕಳ್ಸಿ. ನಾನು ಮಾತ್ರ ಇನ್ನು ನಿಮ್ಮ ಮೀಟಿಂಗ್ ಮುಗಿಯೋ ತನಕ ಕಾಯ್ಕಂಡು ಕೂರದಿಲ್ಲ" ಎನ್ನುತ್ತಲೇ ಮೈಕನ್ನು ಮೇಜಿನ ಮೇಲಿಟ್ಟು, ಜಗಲಿಯ ಮೆಟ್ಟಿಲು ಇಳಿದು, ಹೆಂಡತಿ ಮಗಳು ನಿಂತಿದ್ದ ಕಡೆಗೆ ನಡೆದರು.